ಹಡಗಿಳಿದು ಬಂದ ನೆಂಟರಿಗೆ ಮುಂಬಯಿ ತೋರಿಸುವುದು

ಮುಂಬಯಿಯಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ನೆಂಟರ ಬರವು ಹೊಸತಲ್ಲ. ಒಂದು ಖೋಲಿಯ ಚಾಳಿನ ಕಾಲದಿಂದಲೂ ಊರಿನವರು ಬರುತ್ತಿದ್ದರು, ನೆಲದ ಮೇಲೆ ಚಾಪೆ ಹಾಸಿ ಸಾಲಾಗಿ ಮಲಗುತ್ತಿದ್ದರು, ರಾಣಿಬಾಗನ್ನೂ ಚೌಪಾಟಿಯನ್ನೂ ನೋಡಿ ತೃಪ್ತಿಪಟ್ಟು ಹಿಂದಿರುಗುತ್ತಿದ್ದರು. ಬರುತ್ತಿದ್ದುದು ರೈಲಿನಲ್ಲಿ, ಇಲ್ಲವೆ ರಾತ್ರಿಯೆಲ್ಲ ಓಡುವ ಬಸ್ಸಿನಲ್ಲಿ. ಈಗೀಗ ಇನ್ನೊಂದು ಬಗೆಯ ನೆಂಟರು ಬರತೊಡಗಿದ್ದಾರೆ. ಇವರು ಹಡಗಿನಿಂದ ಇಳಿದು ಬರುವವರು.

2021ರ ಸೆಪ್ಟೆಂಬರಿನಿಂದ ಮುಂಬಯಿಯ ಬಂದರಿನಿಂದ ಗೋವೆಗೆ, ಲಕ್ಷದ್ವೀಪಕ್ಕೆ, ಕೊಚ್ಚಿಗೆ ವಿಹಾರದ ಹಡಗು ಹೊರಡತೊಡಗಿತು. ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ದುಡಿಯುವ ಮಕ್ಕಳು ತಂದೆತಾಯಿಯರ ಮದುವೆಯ ಐವತ್ತನೆಯ ವರ್ಷಕ್ಕೆಂದು ಟಿಕೇಟು ತೆಗೆಸಿಕೊಡುತ್ತಾರೆ. ಹತ್ತುವುದು ಮುಂಬಯಿಯಲ್ಲಿ, ಮೂರು ನಾಲ್ಕು ದಿನ ನೀರಿನ ಮೇಲೆ ತೇಲಿ ಇಳಿಯುವುದೂ ಮುಂಬಯಿಯಲ್ಲಿ. ಹಣ ಕೊಟ್ಟ ಮಗನು ಕಡೆಗೆ ಒಂದು ಮಾತು ಸೇರಿಸುತ್ತಾನೆ: "ಹೇಗೂ ಮುಂಬಯಿಯಲ್ಲಿ ಚಿಕ್ಕಪ್ಪ ಇದ್ದಾರಲ್ಲ, ಇಳಿದ ಮೇಲೆ ಎರಡು ದಿನ ಊರು ತೋರಿಸುತ್ತಾರೆ."

ಆ ಚಿಕ್ಕಪ್ಪಂದಿರೂ ಚಿಕ್ಕಮ್ಮಂದಿರೂ ಈ ಪತ್ರಿಕೆಯ ವಾಚಕರಲ್ಲಿ ಅನೇಕರಿದ್ದಾರೆ. ಕಳೆದ ಒಂದೆರಡು ವರ್ಷಗಳಲ್ಲಿ ನಾವೂ ಮೂರು ಸಲ ಈ ಕರ್ತವ್ಯಕ್ಕೆ ನಿಂತಿದ್ದೇವೆ. ಅದರಿಂದ ತಿಳಿದುದನ್ನು ನಾಲ್ಕು ಜನರ ಉಪಯೋಗಕ್ಕೆ ಬರಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಊರಿನ ಆಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂಬಯಿ ಅಗಲವಾದ ಊರಲ್ಲ, ಉದ್ದವಾದ ಊರು. ಚಪ್ಪರದಿಂದ ಇಳಿಬಿದ್ದ ಪಡವಲಕಾಯಿಯಂತೆ ಉತ್ತರದಿಂದ ದಕ್ಷಿಣಕ್ಕೆ ನೀಳವಾಗಿದೆ. ಚರ್ಚ್‌ಗೇಟಿನಿಂದ ವಿರಾರಿಗೆ ರೈಲುಹಾದಿಯಲ್ಲಿ 60 ಕಿಲೋಮೀಟರು, ಬೋರಿಬಂದರದಿಂದ ಠಾಣೆಗೆ 34. ಹಡಗು ಬಂದು ನಿಲ್ಲುವ ಬೆಲ್ಲಾರ್ಡ್ ಪಿಯರ್ ಈ ಪಡವಲಕಾಯಿಯ ಕೆಳತುದಿಯಲ್ಲಿದೆ. ನಮ್ಮವರ ಮನೆಗಳೋ ಈಗ ಮೀರಾರೋಡು, ಭಾಯಂದರ, ಡೊಂಬಿವಲಿ, ಕಲ್ಯಾಣವೆಂದು ತೊಟ್ಟಿನ ಕಡೆಗೆ ಸರಿದುಹೋಗಿವೆ. ಹಿಂದೆ ಕೋಟೆಯಲ್ಲಿಯೂ ಗಿರಗಾಂವಿನಲ್ಲಿಯೂ ಇದ್ದ ಹಿರಿಯರು ನೆಂಟರನ್ನು ನಡೆಸಿಕೊಂಡೇ ಊರು ತೋರಿಸಿಬಿಡುತ್ತಿದ್ದರು. ಆ ಸುಖ ನಮಗಿಲ್ಲ.

ನೆಂಟರು ನೋಡಬಯಸುವ ಸ್ಥಳಗಳಲ್ಲಿ ಮುಕ್ಕಾಲು ಪಾಲು ಹಡಗುಕಟ್ಟೆಯ ಸುತ್ತಮುತ್ತಲೇ ಇವೆ. ಬೋರಿಬಂದರ ಸ್ಟೇಷನ್ನು ಸುಮಾರು ಒಂದೂವರೆ ಕಿಲೋಮೀಟರು, ಗೇಟ್‌ವೇ ಎರಡರ ಆಸುಪಾಸು, ವಸ್ತುಸಂಗ್ರಹಾಲಯವೂ ಅಷ್ಟೇ. ಹೀಗಿರುವಾಗ ಅನೇಕರು ಮಾಡುವುದೇನು? ಹಡಗಿಳಿದ ನೆಂಟರನ್ನು ಸಾಮಾನು ಸಹಿತ ಟ್ಯಾಕ್ಸಿಯಲ್ಲಿ ತುಂಬಿಕೊಂಡು ಡೊಂಬಿವಲಿಗೆ ಒಯ್ಯುತ್ತಾರೆ. ಸ್ನಾನ, ಊಟ, ನಿದ್ರೆಯಾಗುತ್ತದೆ. ಮರುದಿನ ಬೆಳಿಗ್ಗೆ ಕಛೇರಿಯ ನೂಕುನುಗ್ಗಲಿನಲ್ಲಿ ಅದೇ ನೆಂಟರನ್ನು ಮತ್ತೆ ಅದೇ ಬೆಲ್ಲಾರ್ಡ್ ಪಿಯರಿನ ಮಗ್ಗುಲಿಗೆ ಕರೆತರುತ್ತಾರೆ. ಎಪ್ಪತ್ತು ದಾಟಿದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿಲ್ಲ. ಇಳಿದ ದಿನವೇ ದಕ್ಷಿಣದ ಭಾಗವನ್ನು ನೋಡಿ ಮುಗಿಸುವುದು, ಆಮೇಲೆ ಮನೆಗೆ ಹೋಗುವುದು, ಮರುದಿನ ಏನಿದ್ದರೂ ಉತ್ತರದ ಕಡೆಗೇ ನೋಡುವುದು ಎಂಬುದು ನಮ್ಮ ಪದ್ಧತಿ.

ಇದಕ್ಕೆ ಅಡ್ಡ ಬರುವುದು ಸಾಮಾನು. ಹಡಗಿಗೆ ಹೋಗುವವರು ಊರಿನಿಂದ ಹೊರಡುವಾಗಲೇ ದೊಡ್ಡ ಪೆಟ್ಟಿಗೆ ಹೊತ್ತುಕೊಂಡು ಬಂದಿರುತ್ತಾರೆ. ನಮಗೆ ಕೊಡಲೆಂದು ತಂದ ಹಪ್ಪಳ, ಕೆಂಪಕ್ಕಿ, ಹಲಸಿನ ಚಿಪ್ಸುಗಳೂ ಪಾಪ, ಲಕ್ಷದ್ವೀಪದವರೆಗೆ ಹೋಗಿ ಬಂದಿರುತ್ತವೆ! ಅದಕ್ಕಾಗಿ ಹಡಗು ಹತ್ತುವ ದಿನವೇ ಬೇಡದ ಗಂಟುಗಳನ್ನು ನಾವು ಇಸಿದುಕೊಂಡು ಮನೆಗೆ ತಂದಿಟ್ಟುಕೊಳ್ಳುವುದು ಒಳ್ಳೆಯದು. ಇಳಿಯುವ ದಿನ ಮನೆಯ ಹುಡುಗನೊಬ್ಬನು ಪೆಟ್ಟಿಗೆಗಳೊಡನೆ ಮುಂದಾಗಿ ಮನೆಗೆ ಹೋಗುವುದಾದರೆ ಎಲ್ಲಕ್ಕಿಂತ ಉತ್ತಮ. ಬೆಳಗಿನ ಹೊತ್ತು ಜನಪ್ರವಾಹವೆಲ್ಲ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತಿರುವುದರಿಂದ ಎದುರು ದಿಕ್ಕಿಗೆ ಹೋಗುವ ಲೋಕಲ್ ಗಾಡಿಗಳು ಸಾಕಷ್ಟು ತೆರವಾಗಿರುತ್ತವೆ. ಎರಡು ಪೆಟ್ಟಿಗೆ ಹಿಡಿದವನಿಗೂ ಕೂರಲು ಜಾಗ ಸಿಕ್ಕೀತು. ಅಂಥ ಹುಡುಗನಿಲ್ಲದಿದ್ದರೆ ಬೋರಿಬಂದರದ ರೈಲ್ವೆ ಸಾಮಾನು ಕೋಣೆಯುಂಟು. ಪೆಟ್ಟಿಗೆಗೆ ಬೀಗವಿರಬೇಕು, ಮುಂದಿನ ಪ್ರಯಾಣದ ರೈಲು ಟಿಕೇಟು ಕೈಯಲ್ಲಿರಬೇಕು. ದಿನಪೂರ್ತಿಗೆ ಗಾಡಿ ಗೊತ್ತುಮಾಡಿದ್ದರೆ ಈ ಪ್ರಶ್ನೆಯೇ ಇಲ್ಲ, ಸಾಮಾನು ಅದರಲ್ಲೇ ಇದ್ದೀತು.

ಇನ್ನೊಂದು ಮಾತನ್ನು ನೆಂಟರಿಗೆ ಮೊದಲೇ ಹೇಳಿಟ್ಟಿರಬೇಕು. ಹಡಗಿನಲ್ಲಿ ಕಡೆಯ ರಾತ್ರಿ ದೊಡ್ಡ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ಕೋಣೆಯ ಹೊರಗಿಡಿಸಿಕೊಳ್ಳುವುದು ಸಾಮಾನ್ಯ ರೂಢಿ. ಅವು ಮತ್ತೆ ಸಿಗುವುದು ಇಳಿದ ಮೇಲೆ. ಆದುದರಿಂದ ಬೆಳಗಿನ ಮಾತ್ರೆ, ಕನ್ನಡಕ, ಆಧಾರ್ ಚೀಟಿ, ಒಂದು ಜೊತೆ ಬಟ್ಟೆ ಇವು ಕೈಚೀಲದಲ್ಲಿರಬೇಕು. ನಮ್ಮ ಬೀಗರೊಬ್ಬರು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಪೆಟ್ಟಿಗೆಯಲ್ಲಿಟ್ಟು, ರಾತ್ರಿಯಿಂದ ಹತ್ತು ಗಂಟೆಯವರೆಗೆ ಅದರ ದಾರಿ ಕಾದರು.

ಬಂದರಿನ ಪ್ರದೇಶ ಕಾವಲಿನದು; ನಮ್ಮನ್ನು ಹಡಗಿನ ಹತ್ತಿರಕ್ಕೆ ಬಿಡುವುದಿಲ್ಲ. ಹೊರಬಾಗಿಲ ಬಳಿ ಎಲ್ಲಿ ನಿಂತಿರುತ್ತೇವೆಂಬುದನ್ನು ಹತ್ತುವ ದಿನವೇ ಅವರಿಗೆ ಬೆರಳಿಟ್ಟು ತೋರಿಸಿ ಬನ್ನಿ. ಇಳಿಯುವ ಹೊತ್ತಿಗೆ ಅವರ ಫೋನಿನಲ್ಲಿ ಜೀವವಿಲ್ಲದಿರುವುದೇ ಹೆಚ್ಚು. ಇಳಿಯುವವರ ಸರದಿ ಡೆಕ್ಕಿಗೆ ತಕ್ಕಂತೆ ಬರುವುದರಿಂದ "ಎಂಟು ಗಂಟೆಗೆ ಹಡಗು ಬರುತ್ತದೆ" ಎಂದರೆ ನೆಂಟರು ಎಂಟಕ್ಕೇ ಬರುತ್ತಾರೆಂದು ತಿಳಿಯಬಾರದು. ಗಾಡಿಯನ್ನು ಹತ್ತು ಗಂಟೆಗೆ ಹೇಳುವುದು ಕ್ಷೇಮ.

ಕಾಯುವ ಹೊತ್ತಿನಲ್ಲಿ ಬೆಲ್ಲಾರ್ಡ್ ಎಸ್ಟೇಟಿನ ಬೀದಿಗಳಲ್ಲಿ ಒಂದು ಸುತ್ತು ಹಾಕಬಹುದು. 1914ರಲ್ಲಿ ಸಿದ್ಧವಾದ ಅಲೆಕ್ಸಾಂಡ್ರಾ ಗೋದಿಗಾಗಿ (ಈಗಿನ ಇಂದಿರಾ ಡಾಕ್) ಅಗೆದ ಮಣ್ಣನ್ನೇ ಸಮುದ್ರಕ್ಕೆ ತುಂಬಿ ಈ ನೆಲವನ್ನು ಮಾಡಿದರು. ಗೇಟ್‌ವೇಯನ್ನೂ ವಸ್ತುಸಂಗ್ರಹಾಲಯವನ್ನೂ ರಚಿಸಿದ ಜಾರ್ಜ್ ವಿಟೆಟ್ ಎಂಬ ವಾಸ್ತುಶಿಲ್ಪಿಯೇ ಈ ಬೀದಿಗಳ ಕಟ್ಟಡಗಳನ್ನೂ ಒಂದೇ ಎತ್ತರಕ್ಕೆ, ಒಂದೇ ಗಾಂಭೀರ್ಯದಲ್ಲಿ ನಿಲ್ಲಿಸಿದನು. ಒಂದು ಕಾಲದಲ್ಲಿ ವಿಲಾಯತಿಯಿಂದ ಬಂದ ಟಪ್ಪಾಲು ಹಡಗುಗಳ ಪ್ರಯಾಣಿಕರು ಇಲ್ಲಿಯೇ ಇಳಿದು, ಕಟ್ಟೆಯ ಮೇಲೆಯೇ ನಿಂತಿರುತ್ತಿದ್ದ ಫ್ರಾಂಟಿಯರ್ ಮೇಲ್ ಹತ್ತಿ ಉತ್ತರ ಹಿಂದುಸ್ಥಾನಕ್ಕೆ ಹೋಗುತ್ತಿದ್ದರು. ಅವರಿಗೆ ನಮ್ಮಂತೆ ಟ್ಯಾಕ್ಸಿಯ ಚಿಂತೆ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಇಲ್ಲಿ ವಿಹಾರದ ಹಡಗುಗಳಿಗಾಗಿ ಹೊಸ ಅಂತರರಾಷ್ಟ್ರೀಯ ನಿಲ್ದಾಣದ ಉದ್ಘಾಟನೆಯಾಯಿತು.

ಗಾಡಿಯ ವಿಷಯಕ್ಕೆ ಬರೋಣ. ಇಬ್ಬರೋ ಮೂವರೋ ನೆಂಟರಾದರೆ ಕರಿ-ಹಳದಿ ಟ್ಯಾಕ್ಸಿ ಸಾಕು. ನಮ್ಮ ಕಣ್ಣಿಗೆ ಪರಿಚಿತವಾಗಿದ್ದ ಪದ್ಮಿನಿ ಗಾಡಿಗಳು 2023ರ ಅಕ್ಟೋಬರಿನಲ್ಲಿ ಮುಗಿದುಹೋದರೂ ಬಣ್ಣ ಉಳಿದಿದೆ, ಮೀಟರೂ ಉಳಿದಿದೆ. 2025ರ ಫೆಬ್ರವರಿಯಲ್ಲಿ ಟ್ಯಾಕ್ಸಿಯ ಕನಿಷ್ಠ ಬಾಡಿಗೆಯನ್ನು 31 ರೂಪಾಯಿಗೆ ಏರಿಸಿದರು. ಕೋಟೆಯ ಭಾಗದಲ್ಲಿ ಒಂದು ಸ್ಥಳದಿಂದ ಇನ್ನೊಂದಕ್ಕೆ ಇದಕ್ಕಿಂತ ಬಹಳ ಹೆಚ್ಚು ಏರುವುದಿಲ್ಲ. ಬಂದರಿನ ಬಾಗಿಲಲ್ಲಿ ನಿಂತು ಹೊಸಬರನ್ನು ಕಂಡು ಐನೂರು ಆರುನೂರು ಎನ್ನುವವರೂ ಇದ್ದಾರೆ. ಅಲ್ಲಿ ನಾಲ್ಕು ಹೆಜ್ಜೆ ಮುಂದೆ ನಡೆದು ಓಡುತ್ತಿರುವ ಟ್ಯಾಕ್ಸಿಯನ್ನು ಕೈತೋರಿ ನಿಲ್ಲಿಸಿ. ಆಟೋ ರಿಕ್ಷಾ ಬಾಂದ್ರಾ ಮತ್ತು ಸಾಯನ್ನಿನಿಂದ ದಕ್ಷಿಣಕ್ಕೆ ಬರುವಂತಿಲ್ಲವೆಂಬುದು ನಮಗೆ ಗೊತ್ತು, ಊರಿನವರಿಗೆ ಗೊತ್ತಿರುವುದಿಲ್ಲ. "ರಿಕ್ಷಾ ಹಿಡಿಯಬಾರದೇ, ದುಡ್ಡು ಉಳಿದೀತು" ಎಂದು ದೊಡ್ಡಮ್ಮಂದಿರು ದಾರಿಯುದ್ದಕ್ಕೂ ಹೇಳುತ್ತಲೇ ಇರುತ್ತಾರೆ.

ಐದು ಆರು ಮಂದಿಯಾದರೆ ದೊಡ್ಡ ಗಾಡಿಯನ್ನು ದಿನದ ಲೆಕ್ಕದಲ್ಲಿ ಗೊತ್ತುಮಾಡುವುದು ಅನುಕೂಲ. ಎಂಟು ಗಂಟೆ, ಎಂಬತ್ತು ಕಿಲೋಮೀಟರು ಎಂಬುದು ಪೇಟೆಯ ವಾಡಿಕೆ. ಇಲ್ಲಿ ಎಚ್ಚರಿಕೆ ಬೇಕು. ಆ ಎಂಟು ಗಂಟೆ ಎಲ್ಲಿಂದ ಎಲ್ಲಿಗೆ? ನಮ್ಮ ಸ್ನೇಹಿತರೊಬ್ಬರು ಹೀಗೆಯೇ ಒಂದು ಗಾಡಿಯನ್ನು ಹಿಡಿದರು. ನೆಂಟರು ಕೂತದ್ದು ಹತ್ತಕ್ಕೆ, ಇಳಿದದ್ದು ಆರಕ್ಕೆ. ಲೆಕ್ಕ ಬಂದದ್ದು ಹನ್ನೊಂದು ಗಂಟೆಗೆ, ನೂರ ಐವತ್ತು ಕಿಲೋಮೀಟರಿಗೆ! ಗಾಡಿಯು ತನ್ನ ಗ್ಯಾರೇಜು ಬಿಟ್ಟ ಹೊತ್ತಿನಿಂದ ಮತ್ತೆ ಗ್ಯಾರೇಜು ಸೇರುವವರೆಗೂ ಎಣಿಕೆಯಂತೆ. ಗ್ಯಾರೇಜು ಇದ್ದದ್ದು ವಸಯಿಯಲ್ಲಿ. ಆದುದರಿಂದ ಗೊತ್ತುಮಾಡುವಾಗಲೇ ಗಾಡಿ ಎಲ್ಲಿಂದ ಬರುತ್ತದೆ, ಎಣಿಕೆ ಎಲ್ಲಿಂದ, ನಿಲುಗಡೆಯ ಹಣವೂ ಸೀಲಿಂಕಿನ ಸುಂಕವೂ ಯಾರದು ಎಂಬುದನ್ನು ಕೇಳಿ ಬರೆಯಿಸಿಕೊಳ್ಳಿ. ದಕ್ಷಿಣ ಭಾಗದ ಗಾಡಿಯವನನ್ನೇ ಹುಡುಕುವುದು ಇನ್ನೂ ಮೇಲು.

ಈಗ ಭೂಗತ ಮೆಟ್ರೋ ಒಂದು ಬಂದು ನಮ್ಮಂಥವರ ಕೆಲಸವನ್ನು ಬಹಳ ಹಗುರ ಮಾಡಿದೆ. 2024ರಲ್ಲಿ ಆರೇಯಿಂದ ಆರಂಭವಾದ ಮೂರನೆಯ ಮಾರ್ಗ 2025ರ ಅಕ್ಟೋಬರಿನಲ್ಲಿ ಕಫ್ ಪರೇಡಿನವರೆಗೆ ತಲುಪಿತು. 27 ನಿಲ್ದಾಣ, 33.5 ಕಿಲೋಮೀಟರು. ಬೋರಿಬಂದರ, ಹುತಾತ್ಮ ಚೌಕ, ಚರ್ಚ್‌ಗೇಟ್, ಮಹಾಲಕ್ಷ್ಮಿ, ಸಿದ್ಧಿವಿನಾಯಕ, ದಾದರ, ವಿಮಾನ ನಿಲ್ದಾಣ ಎಲ್ಲವೂ ಒಂದೇ ದಾರಿಯಲ್ಲಿ. ಏರುಮೆಟ್ಟಿಲು ಹತ್ತಲಾರದವರಿಗೆ ಲಿಫ್ಟುಂಟು, ಬಿಸಿಲಿಲ್ಲ, ನೂಕಾಟ ಕಡಿಮೆ. ವಿಮಾನದಲ್ಲಿ ಹಿಂದಿರುಗುವ ನೆಂಟರಿಗೆ ಇದರಷ್ಟು ನಂಬಿಗೆಯ ದಾರಿ ಇನ್ನೊಂದಿಲ್ಲ. ಆದರೆ ಮುಂಬಯಿಗೆ ಬಂದು ಲೋಕಲ್ ಗಾಡಿ ಹತ್ತದೆ ಹೋದರೆ ಊರಿನಲ್ಲಿ ಹೇಳಿಕೊಳ್ಳುವುದೇನು? ಒಂದು ಸಲವಾದರೂ ಹತ್ತಿಸಬೇಕು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರೊಳಗೆ, ಬೋರಿಬಂದರ ಅಥವಾ ಚರ್ಚ್‌ಗೇಟಿನಂಥ ಮೊದಲ ಸ್ಟೇಷನ್ನಿನಿಂದ, ಸ್ಲೋ ಗಾಡಿಯಲ್ಲಿ. ಹೆಂಗಸರನ್ನು ಹೆಂಗಸರ ಡಬ್ಬಿಗೆ ಕಳಿಸುವುದಾದರೆ ಜೊತೆಗೆ ಊರು ಬಲ್ಲ ಹೆಂಗಸೊಬ್ಬರು ಇರಲೇಬೇಕು. ಸಂಜೆ ಐದರಿಂದ ಒಂಬತ್ತರವರೆಗೆ ಉತ್ತರದ ಗಾಡಿಗಳ ಹತ್ತಿರ ಮುದುಕರನ್ನು ಒಯ್ಯಬೇಡಿ. ಭಾನುವಾರವಾದರೆ ಕೋಟೆಯ ಬೀದಿಗಳು ದೇವಸ್ಥಾನದ ಅಂಗಳದಂತೆ ತೆರವಾಗಿರುತ್ತವೆ. ಆದರೆ ರೈಲ್ವೆಯವರ ಮೆಗಾಬ್ಲಾಕು ಅಂದೇ ಇರುವುದರಿಂದ ಹಿಂದಿನ ದಿನ ವಿಚಾರಿಸಿಕೊಳ್ಳಬೇಕು.

ಏನೇನು ತೋರಿಸಬೇಕು? ಇಲ್ಲಿಯೇ ಮನೆಮನೆಯಲ್ಲಿಯೂ ವಾದ ಹುಟ್ಟುವುದು. 2025ರ ಡಿಸೆಂಬರಿನಲ್ಲಿ ಕುಂದಾಪುರದ ಕಡೆಯ ನಮ್ಮ ದೊಡ್ಡಪ್ಪ ದೊಡ್ಡಮ್ಮ ಹಡಗಿಳಿದು ಬರುವವರಿದ್ದಾಗ ಮನೆಯ ಮಕ್ಕಳು ಸೇರಿ ಒಂದು ಪಟ್ಟಿ ಮಾಡಿದರು. ಒಂದೇ ದಿನಕ್ಕೆ ಹದಿನಾಲ್ಕು ಸ್ಥಳ! ಗೇಟ್‌ವೇ, ವಸ್ತುಸಂಗ್ರಹಾಲಯ, ಮಣಿಭವನ, ತೂಗುತೋಟ, ಮಹಾಲಕ್ಷ್ಮಿ, ಹಾಜಿಅಲಿ, ಸೀಲಿಂಕು, ಸಿದ್ಧಿವಿನಾಯಕ, ಇನ್ನೂ ಏನೇನೋ. ಪಟ್ಟಿಯಲ್ಲಿ ಸಿನಿಮಾ ನಟರ ಮನೆಗಳೂ ಇದ್ದುವು. ದೊಡ್ಡಮ್ಮನಿಗೆ ಮೊಣಕಾಲು ನೋವು. ದೊಡ್ಡಪ್ಪನಿಗೆ ಎಂಬತ್ತೆರಡು ವರ್ಷ. ಮರುದಿನ ಮಧ್ಯಾಹ್ನವೇ ಊರಿನ ಗಾಡಿ.

ದೊಡ್ಡಪ್ಪ ಪಟ್ಟಿಯನ್ನು ಪೂರ್ತಿ ಓದಿಸಿ ಕೇಳಿದರು. ಆಮೇಲೆ, "ಮಾರಾಯ, ಈ ಕಮಾನು ಗಿಮಾನು ಎಲ್ಲ ಫೋಟೋದಲ್ಲಿ ನೋಡಿಯಾಗಿದೆ. ನನಗೆ ಬೋರಿಬಂದರ ಸ್ಟೇಷನ್ನಿನ ಒಳಗೆ ಒಮ್ಮೆ ನಿಲ್ಲಬೇಕು. ಆಮೇಲೆ ಬಜಾರ್‌ಗೇಟಿನ ಬೀದಿಗೆ ಹೋಗಬೇಕು. ಉಳಿದದ್ದು ನಿಮ್ಮ ದೊಡ್ಡಮ್ಮನಿಗೆ ಬೇಕಾದಂತೆ ಮಾಡಿ" ಎಂದರು.

ಕಾರಣ ನಮಗೆಲ್ಲ ತಿಳಿದದ್ದೇ, ಆದರೂ ಯಾರೂ ಪಟ್ಟಿಯಲ್ಲಿ ಬರೆದಿರಲಿಲ್ಲ. 1955ರಲ್ಲಿ ಅವರಿಗೆ ಹನ್ನೆರಡು ವರ್ಷ. ತಂದೆ ತೀರಿಕೊಂಡಿದ್ದರು. ಊರಿನವರೊಬ್ಬರ ಹಿಂದೆ ಹುಬ್ಬಳ್ಳಿಯವರೆಗೆ ಬಸ್ಸಿನಲ್ಲಿ, ಅಲ್ಲಿಂದ ಪುಣೆಯ ಮೇಲೆ ರೈಲಿನಲ್ಲಿ ಬಂದು ಬೋರಿಬಂದರದಲ್ಲಿ ಇಳಿದರು. ಕೋಟೆಯ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ. ರಾತ್ರಿ ಊಟದ ಪಾಳಿ ಮುಗಿಯುವುದರೊಳಗೆ ಮಾಲೀಕರ ಅಪ್ಪಣೆ ಪಡೆದು ಕನ್ನಡ ರಾತ್ರಿಶಾಲೆಗೆ ಓಡುವುದು. ಮುಂಬಯಿಯ ಕನ್ನಡಿಗರಲ್ಲಿ ಎಷ್ಟೊಂದು ಮಂದಿ ಗುಮಾಸ್ತರು, ವಕೀಲರು, ಉದ್ಯಮಿಗಳು ಆ ರಾತ್ರಿಶಾಲೆಗಳ ಬೆಂಚುಗಳಿಂದಲೇ ಎದ್ದು ಬಂದವರು! ದೊಡ್ಡಪ್ಪ ಅಲ್ಲಿ ಮೆಟ್ರಿಕ್ ಮುಗಿಸಿ ಊರಿಗೆ ಹಿಂದಿರುಗಿ ಶಾಲಾಮಾಸ್ತರರಾದರು. ಆಮೇಲೆ ಅವರು ಮುಂಬಯಿಗೆ ಬಂದದ್ದು ಮದುವೆಗಳಿಗೆ ಮಾತ್ರ, ಅದೂ ಉಪನಗರಗಳಿಗೆ.

ಹದಿನಾಲ್ಕರಲ್ಲಿ ಎಂಟು ಸ್ಥಳಗಳಿಗೆ ಅಂದೇ ಗೀಟು ಬಿತ್ತು. ಹಡಗಿಳಿದವರು ಕೋಟೆಯ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದು ನೇರ ಸ್ಟೇಷನ್ನಿಗೆ ಬಂದೆವು. ಈ ಸ್ಟೇಷನ್ನನ್ನು ನಾವು ದಿನವೂ ತುಳಿದಾಡುವುದರಿಂದ ತಲೆಯೆತ್ತಿ ನೋಡುವುದನ್ನೇ ಮರೆತಿದ್ದೇವೆ. ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬವನು ಕಟ್ಟಿಸಿದ್ದು. ವಿಕ್ಟೋರಿಯಾ ಟರ್ಮಿನಸ್ ಎಂಬ ಹೆಸರು ಬಂದದ್ದು 1887ರಲ್ಲಿ, 1996ರಲ್ಲಿ ಛತ್ರಪತಿ ಶಿವಾಜಿಯ ಹೆಸರಿಗೆ ಬದಲಾಯಿತು, 2004ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಹೊರಗೋಡೆಯ ಮೇಲೆ ನವಿಲು, ಮಂಗ, ಎಲೆಬಳ್ಳಿಗಳ ಕೆತ್ತನೆ. ಒಳಗೆ ಟಿಕೇಟು ಕೊಡುವ ಚಾವಡಿಯ ಮೇಲ್ಛಾವಣಿಯೇ ಒಂದು ದೇವಾಲಯದಂತಿದೆ. ಇದೇ ಬೋರಿಬಂದರದಿಂದ 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಹೊರಟಿತು. ದೊಡ್ಡಪ್ಪ ಕೆತ್ತನೆಯನ್ನು ಹೆಚ್ಚು ನೋಡಲಿಲ್ಲ. ಒಂದು ಕಂಬಕ್ಕೆ ಕೈಯಾನಿಸಿ ಗಾಡಿಯಿಂದ ಇಳಿದು ಓಡುವ ಜನರನ್ನು ಸುಮಾರು ಹೊತ್ತು ನೋಡಿದರು.

ಬಜಾರ್‌ಗೇಟಿನ ಹೋಟೆಲು ಈಗ ಇಲ್ಲ. ಅಲ್ಲಿ ಫೋನಿನ ಕವಚ ಮಾರುವ ಅಂಗಡಿಯಿದೆ. ಶಾಲೆ ನಡೆಯುತ್ತಿದ್ದ ಕಟ್ಟಡದ ಮರದ ಏಣಿಮೆಟ್ಟಿಲು ಮಾತ್ರ ಹಾಗೆಯೇ ಉಳಿದಿತ್ತು. ದೊಡ್ಡಪ್ಪ ಅದನ್ನು ಹತ್ತಲಿಲ್ಲ; ಕೆಳಗಿನ ಮೆಟ್ಟಿಲ ಮೇಲೆ ಕುಳಿತು, ತಿಂಗಳಿಗೆ ಎಂಟು ರೂಪಾಯಿ ಸಂಬಳದಲ್ಲಿ ಆರನ್ನು ತಾಯಿಗೆ ಮನಿಆರ್ಡರು ಮಾಡುತ್ತಿದ್ದುದನ್ನೂ, ಫಾರ್ಮು ತುಂಬಲು ಬಾರದ ಮೊದಲ ತಿಂಗಳು ಮಾಸ್ತರರೇ ಬರೆದುಕೊಟ್ಟದ್ದನ್ನೂ ಮೊಮ್ಮಕ್ಕಳಿಗೆ ಹೇಳಿದರು. ಐವತ್ತು ವರ್ಷ ಸಂಸಾರ ಮಾಡಿದ ದೊಡ್ಡಮ್ಮನೂ ಈ ಮನಿಆರ್ಡರಿನ ಕತೆಯನ್ನು ಕೇಳಿದ್ದು ಅಂದೇ ಮೊದಲಂತೆ. ಪಟ್ಟಿ ಮಾಡಿದ್ದ ಹುಡುಗಿ ಗಡಿಯಾರ ನೋಡುವುದನ್ನು ನಿಲ್ಲಿಸಿದಳು. ನಮಗೆ ಅಲ್ಲಿ ಮುಕ್ಕಾಲು ಗಂಟೆ ಹೋಯಿತು, ಮಣಿಭವನವೂ ತೂಗುತೋಟವೂ ತಪ್ಪಿದುವು.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿಯೇನೆಂದರೆ, ಪಟ್ಟಿಯನ್ನು ನೀವು ಮಾಡಬೇಡಿ, ಮೊದಲು ನೆಂಟರನ್ನು ಕೇಳಿ. ಧಾರವಾಡ ಬೆಳಗಾಂವಿಯ ಕಡೆಯ ಹಿರಿಯರಿಗೆ ಮುಂಬಯಿ ಬರಿಯ ಪರಸ್ಥಳವಲ್ಲ. 1956ರ ನವೆಂಬರ್ 1ರವರೆಗೆ ಬೆಳಗಾಂವಿ, ಧಾರವಾಡ, ಬಿಜಾಪುರ, ಕಾರವಾರ ಜಿಲ್ಲೆಗಳಿಗೆ ಇದೇ ರಾಜಧಾನಿ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಾಗುವ ಮುನ್ನ ಆ ಕಡೆಯ ಕಾಲೇಜುಗಳ ಪದವಿಯೆಲ್ಲ ಮುಂಬಯಿ ವಿಶ್ವವಿದ್ಯಾಲಯದ್ದು. ಅಜ್ಜನ ಬಿ.ಎ. ಪ್ರಮಾಣಪತ್ರ ಮನೆಯ ಗೋಡೆಯ ಮೇಲೆ ತೂಗುತ್ತಿರುವವರಿಗೆ ರಾಜಾಬಾಯಿ ಗೋಪುರವನ್ನು ತೋರಿಸಿದರೆ ಆಗುವ ಸಂತೋಷ ಬೇರೆಯೇ. ಅಲ್ಲಿಂದ ವಸ್ತುಸಂಗ್ರಹಾಲಯ ನಡೆದು ಹೋಗುವಷ್ಟು ಹತ್ತಿರ. ಬಿಸಿಲಿನ ಹೊತ್ತನ್ನು ಅದರೊಳಗೆ ಕಳೆಯುವುದು ಜಾಣತನ. ಕುಳಿತುಕೊಳ್ಳಲು ಜಾಗ, ಕುಡಿಯುವ ನೀರು, ಶುಚಿಯಾದ ಶೌಚಾಲಯ ಇವೆ. ಈ ಕೊನೆಯದನ್ನು ಬರೆಯಲು ಸಂಕೋಚಪಡುವವರು ಹೆಂಗಸರನ್ನು ಕರೆದುಕೊಂಡು ಊರು ತಿರುಗದವರು.

ಗೇಟ್‌ವೇಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಐದನೆಯ ಜಾರ್ಜ್ ದೊರೆ 1911ರಲ್ಲಿ ಬಂದಿಳಿದ ನೆನಪಿಗೆಂದು ಯೋಜಿಸಿದ ಕಮಾನು ಮುಗಿದು ತೆರೆದದ್ದು 1924ರಲ್ಲಿ; 1948ರ ಫೆಬ್ರವರಿ 28ರಂದು ಬ್ರಿಟಿಷರ ಕಡೆಯ ಸೈನಿಕ ತುಕಡಿ ಅದರೊಳಗಿನಿಂದಲೇ ನಡೆದು ಹಡಗು ಹತ್ತಿತು. ಈ ಎರಡನೆಯ ಸಂಗತಿಯನ್ನು ಹೇಳಿದರೆ ಮಕ್ಕಳಿಗೂ ಕಮಾನಿನ ಮೇಲೆ ಆಸಕ್ತಿ ಬರುತ್ತದೆ. ಹತ್ತಿರದಲ್ಲೇ ವಿವೇಕಾನಂದರ ಪ್ರತಿಮೆಯಿದೆ. 1893ರ ಮೇ 31ರಂದು ಅವರು ಶಿಕಾಗೋ ಯಾತ್ರೆಗೆ ಹೊರಟದ್ದು ಮುಂಬಯಿಯಿಂದಲೇ.

ಗೇಟ್‌ವೇಗೆ ಹೋದೊಡನೆ ಘಾರಾಪುರಿಯ ದೋಣಿಯವರು ಕರೆಯುತ್ತಾರೆ. ಇಲ್ಲಿ ಸ್ವಲ್ಪ ಗಟ್ಟಿ ಮನಸ್ಸು ಬೇಕು. ಹಡಗಿನಲ್ಲಿ ಮೂರು ನಾಲ್ಕು ದಿನ ಕಳೆದವರಿಗೆ ನೆಲಕ್ಕಿಳಿದ ಮೇಲೂ ಒಂದು ದಿನ ಕಾಲಡಿಯ ನೆಲ ತೂಗಿದಂತೆ ಆಗುತ್ತಿರುತ್ತದೆ. ಅಂಥವರನ್ನು ಅದೇ ದಿನ ಮತ್ತೆ ಒಂದು ಗಂಟೆಯ ದೋಣಿಯಲ್ಲಿ ಕೂರಿಸಿ, ನೂರಿಪ್ಪತ್ತು ಮೆಟ್ಟಿಲು ಹತ್ತಿಸುವುದು ದಯೆಯಲ್ಲ. ಇನ್ನೊಂದು ದಿನ ಉಳಿಯುವವರಾದರೆ, ಕಾಲು ಗಟ್ಟಿಯಿದ್ದರೆ, ಖಂಡಿತ ಹೋಗಲಿ, ಬೆಳಿಗ್ಗೆಯೇ ಹೋಗಲಿ. ಸೋಮವಾರ ಗುಹೆಗಳಿಗೆ ರಜೆ. ಮಳೆಗಾಲದಲ್ಲಿ ದೋಣಿಯ ಭರವಸೆಯಿಲ್ಲ. ಮೂರು ಮುಖದ ಆ ಸದಾಶಿವ ಮೂರ್ತಿಯ ಎದುರು ನಿಂತಾಗ ಮಾತು ತಾನಾಗಿಯೇ ನಿಲ್ಲುತ್ತದೆ. ಕನ್ನಡಿಗರಿಗೆ ಅಲ್ಲಿ ಇನ್ನೊಂದು ನೆನಪೂ ಉಂಟು. ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣವನ್ನು ನೂರಾರು ನೌಕೆಗಳೊಡನೆ ಮುತ್ತಿದನೆಂದು ರವಿಕೀರ್ತಿಯ ಐಹೊಳೆ ಶಾಸನ (634) ಹೇಳುತ್ತದೆ. ಆ ಪುರಿಯು ಇದೇ ಘಾರಾಪುರಿ ಎಂಬುದು ಕೆಲವು ವಿದ್ವಾಂಸರ ಮತ. ಎಲ್ಲರೂ ಅದನ್ನು ಒಪ್ಪಿಲ್ಲ. ಆದರೂ ದೋಣಿಯಲ್ಲಿ ಕುಳಿತ ಬಾದಾಮಿ ಬಾಗಿಲಕೋಟೆಯ ನೆಂಟರಿಗೆ ಹೇಳಿ ನೋಡಿ, ಹೇಗೆ ನೆಟ್ಟಗೆ ಕುಳಿತುಕೊಳ್ಳುತ್ತಾರೆ!

ಸಂಜೆಗೆ ಮರೀನ್ ಡ್ರೈವಿನ ಕಟ್ಟೆ. ಇದಕ್ಕೆ ಹಣವಿಲ್ಲ, ಟಿಕೇಟಿಲ್ಲ, ಮೊಣಕಾಲು ನೋವಿನವರಿಗೂ ಅಡ್ಡಿಯಿಲ್ಲ. ಸೂರ್ಯ ಮುಳುಗಿದ ಮೇಲೆ ಗಾಡಿಯಿದ್ದವರು ಕರಾವಳಿ ರಸ್ತೆಯನ್ನು ಹಿಡಿಯಬಹುದು. 2024ರ ಮಾರ್ಚಿನಿಂದ ಹಂತಹಂತವಾಗಿ ತೆರೆದ ಈ ದಾರಿ ಮಲಬಾರ ಹಿಲ್ಲಿನ ಅಡಿಯಲ್ಲಿ ಸುಮಾರು ಎರಡು ಕಿಲೋಮೀಟರು ಸುರಂಗದಲ್ಲಿ ಹೋಗಿ ವರಳಿಯಲ್ಲಿ ಸೀಲಿಂಕಿಗೆ ಕೂಡುತ್ತದೆ. 2009ರಲ್ಲಿ ತೆರೆದ 5.6 ಕಿಲೋಮೀಟರಿನ ಆ ಸೇತುವೆಯನ್ನು ದೀಪ ಹತ್ತಿದ ಮೇಲೆ ದಾಟಿಸಿದರೆ ಪಟ್ಟಿಯ ಅರ್ಧ ಸ್ಥಳಗಳನ್ನು ಬಿಟ್ಟ ಕೊರಗು ಮಕ್ಕಳಿಗೂ ಉಳಿಯುವುದಿಲ್ಲ. ಬಾಂದ್ರಾದಲ್ಲಿ ಇಳಿದು ಮಾಹಿಮಿನ ಮೇಲೆ ಮಾಟುಂಗಕ್ಕೆ ಬಂದರೆ ಊಟದ ಹೊತ್ತು.

ಮಾಟುಂಗವನ್ನು ನೋಡದೆ ಕನ್ನಡ ನೆಂಟರು ಹಿಂದಿರುಗಬಾರದೆಂಬುದು ನಮ್ಮ ಹಟ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಅಲ್ಲಿದೆ, 1942ರಲ್ಲಿ ಎ. ರಾಮ ನಾಯಕರು ಸ್ಟೇಷನ್ನಿನ ಮಗ್ಗುಲಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಇಂದಿಗೂ ಬಾಳೆಯೆಲೆಯ ಊಟವುಂಟು. ರಜೆಯ ದಿನವನ್ನೂ ಹೊತ್ತನ್ನೂ ಮೊದಲೇ ವಿಚಾರಿಸಿಕೊಂಡು ಹೋಗಿ. ಹಡಗಿನಲ್ಲಿ ನಾಲ್ಕು ದಿನ ಬಗೆಬಗೆಯ ತಿಂಡಿಗಳನ್ನು ತಿಂದು ನಾಲಗೆ ಕೆಟ್ಟವರಿಗೆ ಒಂದು ಹಿಡಿ ಸಾರನ್ನವು ಅಮೃತವಾಗುತ್ತದೆ. ದೊಡ್ಡಮ್ಮ ಎರಡನೆಯ ಸಲ ಸಾರು ಹಾಕಿಸಿಕೊಂಡು, "ಹಡಗಿನಲ್ಲಿ ಎಲ್ಲ ಇತ್ತು, ಇದೊಂದು ಇರಲಿಲ್ಲ" ಎಂದರು. ಅಷ್ಟು ಹೊತ್ತಿಗೆ ಒಂಬತ್ತು ದಾಟಿರುತ್ತದೆ. ಉತ್ತರದ ಗಾಡಿಗಳಲ್ಲಿ ಜಾಗ ಬಿಟ್ಟಿರುತ್ತದೆ.

ಇನ್ನು ಊರಿಗೆ ಕಳಿಸುವ ಮಾತು. ಮತ್ಸ್ಯಗಂಧಾ ಗಾಡಿಯಲ್ಲಿ ಕರಾವಳಿಗೆ ಹೋಗುವವರು ಅದು ಹೊರಡುವ ಲೋಕಮಾನ್ಯ ತಿಲಕ ಟರ್ಮಿನಸ್ ಕುರ್ಲಾ ಸ್ಟೇಷನ್ನಿನೊಳಗೇ ಇದೆಯೆಂದು ತಿಳಿದು ಪೆಟ್ಟಿಗೆಗಳೊಡನೆ ಸೇತುವೆ ಹತ್ತಿ ಇಳಿದು ಬಳಲುವುದನ್ನು ಎಷ್ಟೋ ಸಲ ನೋಡಿದ್ದೇವೆ. ಅದು ಬೇರೆಯೇ ಜಾಗ. ಹಾರ್ಬರ್ ಮಾರ್ಗದ ತಿಲಕನಗರ ಸ್ಟೇಷನ್ನು ಅದಕ್ಕೆ ಹೆಚ್ಚು ಸಮೀಪ, ಕುರ್ಲಾದಿಂದಾದರೆ ರಿಕ್ಷಾ ಹಿಡಿಯಬೇಕು. ಹುಬ್ಬಳ್ಳಿಯ ಕಡೆಗೆ ಹೋಗುವ ಚಾಲುಕ್ಯ ಹೊರಡುವುದು ದಾದರದಿಂದ. ಇಷ್ಟರ ಮೇಲೆ, ಡೊಂಬಿವಲಿ ಕಲ್ಯಾಣದವರು ಮತ್ಸ್ಯಗಂಧಾಕ್ಕಾಗಿ ಕುರ್ಲಾದವರೆಗೆ ಹಿಂದೆ ಬರಬೇಕಾಗಿಯೇ ಇಲ್ಲ. ಗಾಡಿ ಠಾಣೆಯಲ್ಲಿ ನಿಲ್ಲುತ್ತದೆ, ಪನವೇಲಿನಲ್ಲಿಯೂ ನಿಲ್ಲುತ್ತದೆ. ಟಿಕೇಟು ತೆಗೆಸುವಾಗಲೇ, ಇಲ್ಲವೆ ಆಮೇಲೆ, ಹತ್ತುವ ಸ್ಟೇಷನ್ನನ್ನು ಠಾಣೆಯೆಂದು ಬದಲಾಯಿಸಿಕೊಳ್ಳಲು ರೈಲ್ವೆಯವರು ಅವಕಾಶ ಕೊಟ್ಟಿದ್ದಾರೆ. ದೊಡ್ಡಪ್ಪನವರನ್ನು ನಾವು ಹತ್ತಿಸಿದ್ದು ಠಾಣೆಯಲ್ಲಿಯೇ. ಅಲ್ಲಿ ಗಾಡಿ ನಿಲ್ಲುವುದು ಕೆಲವೇ ನಿಮಿಷ. ಡಬ್ಬಿ ಎಲ್ಲಿ ಬಂದು ನಿಲ್ಲುತ್ತದೆಂದು ಫಲಕದಲ್ಲಿ ನೋಡಿಕೊಂಡು, ಬುತ್ತಿಯ ಗಂಟನ್ನು ಹಿರಿಯರ ಕೈಗೆ ಕೊಡದೆ ನೀವೇ ಹಿಡಿದುಕೊಂಡು, ಮೊದಲು ಅವರನ್ನು ಹತ್ತಿಸಿ ಆಮೇಲೆ ಸಾಮಾನು ಕೊಡಿ.